ಕಡ್ಡಿಪೆಟ್ಟಿಗೆಯ ಲೆಕ್ಕ

ಭಾವುಚಾ ಧಕ್ಕೆಯ ಮೀನುಬುಟ್ಟಿಗಳನ್ನು ದಾಟಿ
ಬೆಳಗಿನ ಆರರ ಲಾಂಚು ಹತ್ತಿದರೆ
ಟಿಫಿನ್ ಡಬ್ಬಿ ಆರುವ ಮೊದಲೇ ನನ್ನ ದ್ವೀಪ.
ನಕ್ಷೆಯಲ್ಲಿ ಅದಕ್ಕೆ ದೊಡ್ಡವರ ಹೆಸರು,
ಹಳಬರ ಬಾಯಲ್ಲಿ ಈಗಲೂ ಬುಚರ್.
ನನ್ನ ಕೆಲಸ ಸಣ್ಣದು:
ಜೆಟ್ಟಿಯ ಬಾಯಲ್ಲಿ ನಿಂತು ಬೆಂಕಿ ಕೇಳುವುದು.

ಕಡ್ಡಿಪೆಟ್ಟಿಗೆ? ಲೈಟರು? ಮೊಬೈಲು?
ಬೂಟಿನ ಅಡಿ ತೋರಿಸು, ಮೊಳೆ ಇದೆಯೋ ನೋಡುತ್ತೇನೆ.
ಕೊಟ್ಟವರಿಗೆ ಹಿತ್ತಾಳೆಯ ಬಿಲ್ಲೆ,
ಕಬ್ಬಿಣದ ಡಬ್ಬಕ್ಕೆ ಬೀಗ,
ಪುಸ್ತಕದಲ್ಲಿ ಒಂದು ಗೀಟು.

ಹಡಗು ಕಟ್ಟಿದೊಡನೆ ಕೆಂಪು ಬಾವುಟ, ಇರುಳಾದರೆ ಕೆಂಪು ದೀಪ.
ಡೆಕ್ಕಿನ ನೀರುತೂತುಗಳಿಗೆಲ್ಲ ಬಿರಡೆ,
ಚೊಂಬು ಚೆಲ್ಲಿದರೂ ಕಡಲಿಗೆ ಸಿಗಬಾರದು.
ಮುಂದೊಂದು ಹಿಂದೊಂದು ಉಕ್ಕಿನ ಹಗ್ಗ
ನೀರು ಮುಟ್ಟುವ ಹಾಗೆ ಇಳಿಬಿಟ್ಟಿರಬೇಕು,
ಹೊತ್ತಿಕೊಂಡರೆ ಟಗ್ಗು ಬಂದು ಆಚೆಗೆ ಎಳೆದೊಯ್ಯಲಿ ಅಂತ.
ಮದುವೆ ಚಪ್ಪರದಲ್ಲೇ ಚಟ್ಟದ ಬಿದಿರು ಕಟ್ಟಿಟ್ಟ ಹಾಗೆ,
ಅಂದ ಒಬ್ಬ ಪಂಪ್‌ಮನ್, ನಕ್ಕ.
ನಾನು ನಗಲಿಲ್ಲ. ಹಗ್ಗ ಒಂದು ಮಾರು ಮೇಲಿತ್ತು. ಇಳಿಸು ಅಂದೆ.

ಎಣ್ಣೆಯನ್ನು ಮೊದಲು ಮೆಲ್ಲಗೆ ಬಿಡಬೇಕು.
ಧಾವಂತದ ಎಣ್ಣೆ ಪೈಪಿಗೆ ಉಜ್ಜಿ ಉಜ್ಜಿ
ತನ್ನೊಳಗೇ ಮಿಂಚು ಕೂಡಿಡುತ್ತದೆ,
ಯಾರನ್ನೂ ಬೈಯದೆ ಸಿಟ್ಟು ಕೂಡಿಡುವವರ ಹಾಗೆ.

ತುಂಬಿದ ಕೊಡ ತುಳುಕುವುದಿಲ್ಲ ಅನ್ನುತ್ತಿದ್ದಳು ಅವ್ವ.
ಅವ್ವ ಟ್ಯಾಂಕರು ಕಂಡವಳಲ್ಲ.
ಇಲ್ಲಿ ಕಂಠಮಟ್ಟ ತುಂಬುವವನು ದಡ್ಡ,
ಮೇ ತಿಂಗಳ ಬಿಸಿಲಿಗೆ ಎಣ್ಣೆ ಉಬ್ಬುತ್ತದೆ, ಜಾಗ ಕೇಳುತ್ತದೆ.
ಇನ್ನು ಬರಿದಾದ ಹಡಗು!
ಎಲ್ಲ ಹೀರಿದ ಮೇಲೆ ಟ್ಯಾಂಕಿನ ತಳದಲ್ಲಿ
ಕಣ್ಣಿಗೆ ಕಾಣದೆ ಕೂತಿರುತ್ತದಲ್ಲ ಆವಿ,
ನಾನು ಹೆದರುವುದು ಅದಕ್ಕೆ.

ಬಡಗಣಕ್ಕೆ ಮಾಹುಲದ ಚಿಮಣಿ
ಹಗಲಿರುಳು ನೆತ್ತಿಯಲ್ಲಿ ಜ್ವಾಲೆ ಹೊತ್ತು ನಿಂತಿದೆ.
ಅದನ್ನು ಯಾರೂ ಬಿಲ್ಲೆ ಕೇಳುವುದಿಲ್ಲ.
ಇಲ್ಲಿ ಒಂದು ಬೀಡಿಗಾಗಿ ನನ್ನದು ಜಗಳ.

ಆಷಾಢದ ಒಂದು ಸಂಜೆ
ಅಡುಗೆಯವ ಮಯೇಕರ, ಗುಹಾಗರದವನು,
ಬೆಂಡೆ ಬದನೆಯ ಚೀಲ ಹೊತ್ತು ಹಡಗಿಗೆ ಮರಳುತ್ತಿದ್ದ.
ಕೇಳುವ ಮೊದಲೇ ಕಡ್ಡಿಪೆಟ್ಟಿಗೆ ಕೊಟ್ಟ.
ಚೀಲದ ತಳದಿಂದ ಹಿತ್ತಾಳೆಯ ಪುಟ್ಟ ಹಣತೆಯನ್ನೂ ತೆಗೆದ.
ತಾಯಿ ಹೋಗಿ ಇವತ್ತಿಗೆ ವರ್ಷ.
ಒಂದು ಕಡ್ಡಿ, ಸಾಹೇಬ. ಒಂದೇ.

ಡಬ್ಬದಲ್ಲಿ ಆಗ ಮೂವತ್ತೊಂದು ಪೆಟ್ಟಿಗೆಗಳಿದ್ದವು.
ಇಲ್ಲ ಅಂದೆ.

ಅವನು ವಾದ ಮಾಡಲಿಲ್ಲ.
ನನ್ನ ಚೌಕಿಯ ಪಕ್ಕ ಗೋಣಿ ಹಾಸಿ
ಕೊಬ್ಬರಿ ಎಣ್ಣೆ ಹನಿಸಿ, ಬತ್ತಿ ಹೊಸೆದು,
ಹಚ್ಚದ ದೀಪದ ಮುಂದೆ ಕೈಕಟ್ಟಿ ಕೂತ.
ಎಣ್ಣೆಗೆ ಇರುವೆ ಬಂದವು.
ಪಂಪು ಗುಂಯ್‌ಗುಡುತ್ತಿತ್ತು.
ನಾನು ಹೆಲ್ಮೆಟ್ ತೆಗೆದು ಕಂಕುಳಲ್ಲಿಟ್ಟೆ.
ಜೆಟ್ಟಿಯ ಮೇಲೆ ಅದೂ ತಪ್ಪು,
ದಂಡ ಇನ್ನೂರು.

ಬೆಳಗಾಗುವಷ್ಟರಲ್ಲಿ ಹಡಗು ಹೋಗಿತ್ತು,
ಬಿಲ್ಲೆಯನ್ನು ಯಾರ ಕೈಯಲ್ಲೋ ಕಳಿಸಿದ್ದ.
ಪೆಟ್ಟಿಗೆ ಮಾತ್ರ ಉಳಿಯಿತು, ಪುಸ್ತಕದಲ್ಲಿ ಒಂದು ಗೀಟು ಹೆಚ್ಚು.
ಮೂರು ತಿಂಗಳು ಕಾದೆ. ಆ ಹಡಗು ಮತ್ತೆ ಬರಲಿಲ್ಲ.

ಕೊನೆಗೆ ಆಂಟಾಪ್ ಹಿಲ್ಲಿನ ಮನೆಗೆ ತಂದೆ.
ಸಾವಂತ್ರಿ ಸಂಜೆದೀಪಕ್ಕೆ ಕೂತಿದ್ದಳು.
ಮೊದಲು ಮಿಂದು ಬಾ, ಅಂಗಿ ನಾರುತ್ತಿದೆ ಅಂದಳು.
ಮಿಂದು ಬಂದೆ. ಇದರಿಂದ ಹಚ್ಚು ಅಂದೆ.
ಗೀರಿದಳು. ಇನ್ನೊಂದು ಗೀರಿದಳು.
ಕಡಲ ಗಾಳಿಗೆ ಮದ್ದು ಮೆತ್ತಗಾಗಿ
ಬೆರಳಿಗೆ ಅಂಟಿತೇ ಹೊರತು
ಪೆಟ್ಟಿಗೆಯಲ್ಲಿ ಒಂದೂ ಹೊತ್ತಲಿಲ್ಲ.
ಇದನ್ನೇ ಏನು ನೀನು ಅಲ್ಲಿ ಕಾಯುತ್ತ ಕೂತಿರುವುದು?
ಅಂದವಳೇ ಎದ್ದು, ಒಲೆಯ ಪಕ್ಕದ ಲೈಟರು ತಂದು
ಟಿಕ್ ಅನ್ನಿಸಿದಳು.

ನಾನು ಅಭ್ಯಾಸಬಲದಿಂದ
ಎರಡು ಹೆಜ್ಜೆ ಹಿಂದೆ ಸರಿದೆ.